ಒಂದೇ ಹಣಿಗೆಯ ಪೈಲ್ವಾನ ಹುಡುಗಿಯರು

ಮೊನ್ನೆ ಬಬಲೇಶ್ವರದಲ್ಲಿ ನಮ್ಮ ಕಾಕಾನ ಮಗನ ಮದುವೆಯಾಯಿತು. ಬಬಲೇಶ್ವರ ನನ್ನ ತವರು. ತವರಿನ ಮದುವೆಗೆ ಹೋದವಳು ಎರಡು ಹೋಳಿಗೆ ಹೆಚ್ಚು ತಿಂದು, ನಾಲ್ಕು ಚಾಡಿ ಕೇಳಿಸಿಕೊಂಡು, ಸುಮ್ಮನೆ ಮನೆಗೆ ಬರಬೇಕು. ನಾನು ಹೆಸರು ಕೆಡಿಸಿಕೊಂಡು ಬಂದೆ. ವಧೂವರರ ಮೇಲೆ ಅಕ್ಕಿಕಾಳು ಬೀಳುವ ಹೊತ್ತು ಹತ್ತಿರವಾಗಿತ್ತು. ಒಂದು ಕೋಣೆ, ಒಂದು ಕನ್ನಡಿ, ಅದರ ಮುಂದೆ ಊರಿನ ಅರ್ಧ ಹೆಂಗಸರು. ವರನ ತಾಯಿ, ಅಂದರೆ ನಮ್ಮ ಕಾಕು, ತುರುಬು ಬಿಚ್ಚಿಕೊಂಡು ನನ್ನ ಕಡೆ ಕೈ ಚಾಚಿದಳು.

“ಏ, ನಿನ್ನ ಹಣಗಿ ಕೊಡ ಇಲ್ಲಿ. ನಂದು ಯಾವಾಕಿ ಒಯ್ದಾಳೋ ಏನೋ.”

“ಹಣಗಿ ಕೊಡೂದಿಲ್ಲ ಕಾಕು.”

ಕನ್ನಡಿಯ ಮುಂದಿನ ಮುಖಗಳೆಲ್ಲ ನನ್ನ ಕಡೆ ತಿರುಗಿದವು. ಬಾಚಣಿಗೆಗೆ ನಮ್ಮ ಕಡೆ ಹಣಿಗೆ ಅನ್ನುತ್ತೇವೆ. ಕೇಳಿದವರಿಗೆ ನೀರು ಇಲ್ಲ ಅನ್ನಬಾರದು, ಹಣಿಗೆ ಇಲ್ಲ ಅನ್ನಬಾರದು. ಅದೂ ಚೀಲದಲ್ಲಿ ಹಣಿಗೆಯ ತುದಿ ಎಲ್ಲರಿಗೂ ಕಾಣುವ ಹಾಗೆ ಇಣುಕುತ್ತಿರುವಾಗ!

“ಯಾಕವಾ? ಬಂಗಾರದ್ದು ಮಾಡಿಸೀಯೇನು?”

“ಬೇಕಾದ್ರ ನನ್ನ ಕೈಯಾಗಿನ ಬಂಗಾರದ ಪಾಟ್ಲಿ ಹಾಕ್ಕೋರಿ. ಹಣಗಿ ಮಾತ್ರ ಕೇಳಬ್ಯಾಡ್ರಿ.”

‘ಹಣಗಿ ಕೊಡಲಾರದಾಕಿ’ ಎಂಬ ಬಿರುದು ನನಗಿಂತ ಮುಂಚೆ ಊಟದ ಪಂಕ್ತಿಗೆ ಹೋಗಿ ಕೂತಿತ್ತು. ಬಡಿಸುವವನು ಕೂಡ ಸಾರು ಹಾಕುತ್ತ ನನ್ನ ತಲೆಯ ಕಡೆ ನೋಡಿದ. ಅಷ್ಟು ಕಾಪಾಡುವಂಥ ಸಂಪತ್ತು ಅಲ್ಲೇನಿದೆ ಎಂದು ಅವನಿಗೆ ಅನ್ನಿಸಿರಬೇಕು. ನನಗೂ ಹಾಗೇ ಅನ್ನಿಸುತ್ತದೆ; ನಲವತ್ತು ದಾಟಿದ ಮೇಲೆ ನನ್ನ ಹೆರಳು ಇಲಿಯ ಬಾಲವಾಗಿದೆ. ನಮ್ಮ ಮನೆಯವರು ಅತ್ತ ಗಂಡಸರ ಸಾಲಿನಲ್ಲಿ ಕೂತು ನಗುತ್ತಿದ್ದರೇ ಹೊರತು ನನ್ನ ಪರವಾಗಿ ಒಂದು ಮಾತು ಆಡಲಿಲ್ಲ. ಆಡಿದ್ದರೆ ತಮ್ಮ ಕಥೆಯನ್ನೂ ಹೇಳಬೇಕಾಗುತ್ತಿತ್ತಲ್ಲ! ಅವರು ಹೇಳದಿದ್ದರೆ ಬಿಡಲಿ, ನಿಮಗೆ ನಾನು ಹೇಳುತ್ತೇನೆ.

ಹುಟ್ಟಿನಿಂದ ನಾನೇನು ಹೀಗಿರಲಿಲ್ಲ. ತವರಿನಲ್ಲಿ ಮನೆ ತುಂಬ ಮಂದಿಗೆ ಒಂದೇ ಹಣಿಗೆ. ಗೋಡೆಯ ಗೂಡಿನಲ್ಲಿ ಎಣ್ಣೆಬಟ್ಟಲಿನ ಜೊತೆ ಅದರ ವಾಸ. ಅಪ್ಪ ಸಂತೆಗೆ ಹೊರಟರೂ ಅದೇ, ನಾವು ಸಾಲೆಗೆ ಹೊರಟರೂ ಅದೇ, ಓಣಿಯ ಯಾವನಾದರೂ ಬಸ್ಸಿಗೆ ಓಡುವಾಗ ಬಾಗಿಲಲ್ಲಿ ನಿಂತು ತಲೆಗೆ ಎರಡು ಸಲ ಎಳೆದುಕೊಂಡು ಹೋಗುವುದೂ ಅದೇ. ಟವೆಲ್ಲೂ ಒಂದೇ. ಕೊನೆಗೆ ಜಳಕ ಮಾಡಿದವರ ಪಾಲಿಗೆ ಅದರಲ್ಲಿ ಮೈ ಒರೆಸುವುದಕ್ಕಿಂತ ಮೈ ತೋಯಿಸಿಕೊಳ್ಳುವುದೇ ಹೆಚ್ಚು. “ನನಗ ಬ್ಯಾರೆ ಹಣಗಿ ಬೇಕು” ಎಂದು ಒಮ್ಮೆ ಅವ್ವನ ಮುಂದೆ ರಾಗ ತೆಗೆದಿದ್ದೆ. “ನೀ ಏನು ದೇಸಾಯರ ಮಗಳೇನು?” ಎಂದು ಅವ್ವ ಅದೇ ಹಣಿಗೆಯಿಂದ ನೆತ್ತಿಗೆ ಒಂದು ಕೊಟ್ಟಳು.

ನಾಲ್ಕನೆಯ ಇಯತ್ತೆಯಲ್ಲಿದ್ದಾಗ ನನ್ನ ತೋಳಿಗೆ ಗಜಕರ್ಣವಾಯಿತು. ನಿಮಗೆ ಗೊತ್ತಿರುತ್ತದೆ, ಚರ್ಮದ ಮೇಲೆ ಕೆಂಪಗೆ ಬಳೆಯ ಹಾಗೆ ದುಂಡಗೆ ಏಳುತ್ತದೆ. ತುರಿಸಿದಷ್ಟೂ ಸುಖ, ತುರಿಸಿದಷ್ಟೂ ಅಗಲ. ಇದಕ್ಕೆ ಆನೆಯ ಕಿವಿಯ ಹೆಸರು ಯಾರಿಟ್ಟರೋ! ನಮ್ಮಜ್ಜನ ಮದ್ದು ಸರಳವಾಗಿತ್ತು. ಸುತ್ತ ಶಾಯಿಯಿಂದ ಗೆರೆ ಎಳೆದರೆ ರೋಗ ಗೆರೆ ದಾಟುವುದಿಲ್ಲ. ಗೆರೆ ಎಳೆದ. ದಾಟಿತು. ಆಚೆ ಇನ್ನೊಂದು ಎಳೆದ. ಅದನ್ನೂ ದಾಟಿತು. ಅಜ್ಜನೂ ಹಟಮಾರಿ, ಗಜಕರ್ಣವೂ ಹಟಮಾರಿ. “ಏನಬೇ ಇದು, ತಾಲೂಕಿನ ನಕಾಶಿ ಬರಕೊಂಡ ಬಂದೀಯೇನು?” ಎಂದು ಮಾಸ್ತರು ನನ್ನ ತೋಳನ್ನು ಇಡೀ ವರ್ಗಕ್ಕೆ ತೋರಿಸಿ ನಗಿಸಿದರು. ಕಡೆಗೆ ಕಾಕಾ ಪೇಟೆಯಿಂದ ತಂದ ನಾತ ಹೊಡೆಯುವ ಯಾವುದೋ ಮುಲಾಮಿಗೆ ಅದು ಹೋಯಿತು. ನಾಚಿಕೆ ಮಾತ್ರ ಬಹಳ ದಿನ ಉಳಿಯಿತು.

ಅಂಥ ನನ್ನನ್ನು ತಂದು ಕೊಟ್ಟದ್ದು ಕಾಖಂಡಕಿಯ ಪೈಲ್ವಾನರ ಮನೆಗೆ. ಕುಸ್ತಿಯ ಗರಡಿಗೆ ನಮ್ಮಲ್ಲಿ ತಾಲೀಮು ಅನ್ನುತ್ತಾರೆ. ಮಾವ ಅಲ್ಲಿಯ ಹಿರಿಯ ಪೈಲ್ವಾನರು. ಕೆಂಪು ಮಣ್ಣನ್ನು ಜರಡಿ ಹಿಡಿದು, ಅರಿಶಿಣ, ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡುವುದನ್ನು ನೋಡಿದರೆ ಹೋಳಿಗೆಯ ಕಣಕ ನಾದುತ್ತಿದ್ದಾರೇನೋ ಅನ್ನಿಸುತ್ತಿತ್ತು. ಆ ಮಣ್ಣು ಹಚ್ಚಿಕೊಂಡರೆ ನೋವು, ಬಾವು, ತುರಿಕೆ ಎಲ್ಲಾ ಹೋಗುತ್ತದೆ ಎಂಬುದು ಆ ಮನೆಯ ನಂಬಿಕೆ. ಗಜಕರ್ಣವಂತೂ ಅವರಿಗೆ ರೋಗವೇ ಅಲ್ಲ. ಅದು ಮೈಮೇಲೆ ಇಲ್ಲದವನು ಸರಿಯಾಗಿ ಮೈ ತಿಕ್ಕಿಸಿಕೊಂಡು ಕುಸ್ತಿ ಹಿಡಿದಿಲ್ಲ ಅಂತ ಅರ್ಥ. ನಮ್ಮ ಮನೆಯವರು ಮದುವೆಯಾದ ಹೊಸತರಲ್ಲಿ ಬೆನ್ನ ಮೇಲಿನ ಎರಡು ಕಲೆ ತೋರಿಸಿ, ಇದು ಇಂಥ ಪೈಲ್ವಾನನ ಜೊತೆ ಹಿಡಿದಾಗಿನದು, ಇದು ಇಂಥವನದು ಎಂದು ಹೆಮ್ಮೆಯಿಂದ ವಿವರಿಸಿದ್ದರು. ಬೇರೆಯವರ ಗಂಡಂದಿರು ಹೊಸತರಲ್ಲಿ ಸಿನಿಮಾ ತೋರಿಸುತ್ತಾರೆ.

ಮುಂದೆ ಅವರು ಸಾಲೆಯ ಆಟದ ಮಾಸ್ತರಾದರು, ನಾನು ತಿಕೋಟಾದ ಹೈಸ್ಕೂಲಿನಲ್ಲಿ ಗಣಿತದ ಟೀಚರಾದೆ, ವಿಜಯಪುರದ ಅಥಣಿ ರಸ್ತೆಯ ಹೊಸ ಲೇಔಟಿನಲ್ಲಿ ಮನೆ ಕಟ್ಟಿಸಿದೆವು. ಮನೆಯ ಹಿಂದೆ ತಗಡಿನ ಶೆಡ್ಡು ಹಾಕಿ, ಮ್ಯಾಟು ಹಾಸಿ, ಇವರು ಹುಡುಗಿಯರಿಗೆ ಕುಸ್ತಿ ಕಲಿಸತೊಡಗಿದರು. “ಹೆಣ್ಮಕ್ಕಳಿಗಾ?” ಎಂದು ಲೇಔಟಿನವರು ಹುಬ್ಬೇರಿಸಿದರು. ನಮ್ಮ ಅತ್ತೆ ಹುಬ್ಬೇರಿಸಲಿಲ್ಲ. ಮಾವ ತೀರಿಕೊಂಡ ಮೇಲೆ ಅವರು ನಮ್ಮಲ್ಲಿಗೇ ಬಂದಿದ್ದರು. ಬರುವಾಗ ಸೆರಗಿನಲ್ಲಿ ಕಾಖಂಡಕಿಯ ತಾಲೀಮಿನ ಒಂದು ಹಿಡಿ ಮಣ್ಣು ಕಟ್ಟಿಕೊಂಡು ಬಂದು ಮ್ಯಾಟಿನ ನಾಲ್ಕೂ ಮೂಲೆಗೆ ಉದುರಿಸಿ ಕೈಮುಗಿದರು. ಉಳಿದ ಮಣ್ಣು ದೇವರ ಮಾಡದಲ್ಲಿ ಕೂತಿತು.

ಆದರೆ ಪೇಟೆಯ ಮನೆ ಅತ್ತೆಗೆ ಒಗ್ಗಲಿಲ್ಲ. ಮಾತಾಡಲು ಕಟ್ಟೆಯಿಲ್ಲ, ಕರೆಯಲು ನೆರೆಯವರ ಬಾಗಿಲು ತೆರೆದಿರುವುದಿಲ್ಲ. ಊಟ ಮಾಡಿದರೆ ಮಾಡಿದರು, ಇಲ್ಲದಿದ್ದರೆ ಇಲ್ಲ. ದಿನವಿಡೀ ಗೋಡೆಯ ಕಡೆ ಮುಖ ಮಾಡಿ ಮಲಗುವುದು. ನನಗೆ ಭಯವಾಗಿತ್ತು. ಒಂದು ಸಂಜೆ ಹುಡುಗಿಯೊಬ್ಬಳು ಕುಸ್ತಿಯ ನಡುವೆ ಕೂದಲು ಕಣ್ಣಿಗೆ ಬಿದ್ದು ಚಿತ್ತಾದಳು. ಕಿಟಕಿಯಿಂದ ನೋಡಿದ ಅತ್ತೆ ಎದ್ದು ಹೊರಗೆ ಬಂದರು. “ಬಾರಬೇ ಇಲ್ಲಿ. ಇದೇನು ಹೆರಳೋ, ಹುಲ್ಲಿನ ಸಿವುಡೋ?” ಎಂದು ಅವಳನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು, ತಮ್ಮ ಕಟ್ಟಿಗೆಯ ಹಣಿಗೆ ತಂದು, ಎಣ್ಣೆ ಹಚ್ಚಿ, ನೆತ್ತಿಗಂಟಿದ ಹಾಗೆ ಎರಡು ಹೆರಳು ಹಾಕಿ ಕಳಿಸಿದರು. ಮರುದಿನ ಮೆಟ್ಟಿಲ ಮೇಲೆ ಇಬ್ಬರು. ಆಮೇಲೆ ಸಾಲೇ ಹತ್ತಿತು. ಅತ್ತೆ ಎಲ್ಲರಿಗೂ ಆಯಿ, ಅಂದರೆ ಅಜ್ಜಿಯಾದರು. ಎರಡು ರೊಟ್ಟಿ ಹೆಚ್ಚು ತಿನ್ನತೊಡಗಿದರು, ನನ್ನನ್ನು ಬೈಯತೊಡಗಿದರು. ಬೈಸಿಕೊಂಡು ಅಷ್ಟು ಸಂತೋಷಪಟ್ಟ ಸೊಸೆ ಜಿಲ್ಲೆಯಲ್ಲಿ ಇನ್ನೊಬ್ಬಳು ಇರಲಿಕ್ಕಿಲ್ಲ.

ಆ ಸಾಲಿನಲ್ಲಿ ಮೊದಲು ಕೂರುವವಳು ರೇಣುಕಾ. ತಿಕೋಟಾದ ನನ್ನ ವಿದ್ಯಾರ್ಥಿನಿ. ಅಪ್ಪ ನಿಂಗಪ್ಪ ಕುರಿ ಸಾಕಿದವನು. ಓಡುವ ಟಗರನ್ನು ಅವಳು ಕಾಲು ಹಿಡಿದು ಕೆಡವುವುದನ್ನು ನೋಡಿಯೇ ನಾನು ಅವಳನ್ನು ಇವರ ಹತ್ತಿರ ಕರೆತಂದದ್ದು. ಶನಿವಾರ ಸಾಲೆ ಬಿಟ್ಟ ಮೇಲೆ ನನ್ನ ಜೊತೆ ಬಸ್ಸು ಹತ್ತಿ ಬರುವಳು, ಅತ್ತೆಯ ಪಕ್ಕದಲ್ಲೇ ಮಲಗುವಳು, ಭಾನುವಾರ ಸಂಜೆ ಹೋಗುವಳು. ತೊಡೆಯವರೆಗೆ ಬರುವ ಕೂದಲು. ಅದನ್ನು ಹೆಣೆಯುವಾಗ ಅತ್ತೆಯ ಮುಖ ನೋಡಬೇಕಿತ್ತು.

ಗಜಕರ್ಣ ಹೇಗೆ ಬಂತೋ ಗೊತ್ತಾಗಲಿಲ್ಲ. ಒಬ್ಬಳ ಕುತ್ತಿಗೆಗೆ, ಇನ್ನೊಬ್ಬಳ ಮೊಣಕೈಗೆ, ಮತ್ತೊಬ್ಬಳ ಕಿವಿಯ ಹಿಂದೆ. “ಈಗ ನೋಡು, ಖರೇ ಪೈಲ್ವಾನ್ರಾದ್ರು!” ಎಂದು ಇವರು ಖುಷಿಪಟ್ಟರು. ಮಾಡದಲ್ಲಿದ್ದ ತಾಲೀಮಿನ ಮಣ್ಣನ್ನು ಕಲಸಿ ಎಲ್ಲರಿಗೂ ಹಚ್ಚಿದರು. ಯಾವಾಗ ಅದು ಕಡಿಮೆಯಾಗಲಿಲ್ಲವೋ, ಆಗ ಔಷಧಿ ಅಂಗಡಿಯಿಂದ ಒಂದು ಟ್ಯೂಬು ಬಂತು. ಹಚ್ಚಿದ ಎರಡೇ ದಿನಕ್ಕೆ ಕೆಂಪು ಇಳಿಯಿತು, ತುರಿಕೆ ನಿಂತಿತು. ಇವರು ಮೀಸೆ ತಿರುವಿದರು. ಟ್ಯೂಬು ಬಿಟ್ಟ ಕೂಡಲೇ ಹೋದದ್ದು ತನ್ನ ಬಳಗವನ್ನೆಲ್ಲ ಕಟ್ಟಿಕೊಂಡು ತಿರುಗಿ ಬಂತು. ರಾಜ್ಯಮಟ್ಟದ ಆಯ್ಕೆ ಬೇರೆ ಹತ್ತಿರ ಬರುತ್ತಿತ್ತು. ಅಲ್ಲಿ ತೂಕ ನೋಡುವ ಮುಂಚೆ ಮೈ ನೋಡುತ್ತಾರೆ. ಚರ್ಮದ ರೋಗವಿದ್ದರೆ ಮ್ಯಾಟು ಹತ್ತಿಸುವುದಿಲ್ಲ. ಹೀಗಾಗಿ ಹುಡುಗಿಯರು ಹೇಳುವುದನ್ನೇ ಬಿಟ್ಟರು. ತೋಳು ಮುಚ್ಚುವ ಅಂಗಿ ಬಂದವು, ಬೇಸಿಗೆಯಲ್ಲಿ ಕುತ್ತಿಗೆಗೆ ವೇಲು ಬಂತು.

ಒಂದು ದಿನ ಸಾಲೆಯಲ್ಲಿ ರೇಣುಕಾ ತಲೆ ಬಗ್ಗಿಸಿ ಲೆಕ್ಕ ಬಿಡಿಸುತ್ತಿದ್ದಾಗ ನನ್ನ ಕಣ್ಣು ಅವಳ ಬೈತಲೆಯ ಪಕ್ಕಕ್ಕೆ ಹೋಯಿತು. ರೂಪಾಯಿಯಷ್ಟಗಲ ಕೂದಲಿರಲಿಲ್ಲ. ಬೂದಿ ಬಣ್ಣದ ಹೊಟ್ಟು, ಅದರ ನಡುವೆ ಬುಡಕ್ಕೇ ಮುರಿದ ಕೂದಲಿನ ಕರಿ ಚುಕ್ಕೆಗಳು.

“ಏನಬೇ ಇದು?”

“ಹೇನ್ರಿ ಅಕ್ಕೋರ,” ಎಂದವಳು ಹೆರಳನ್ನು ಎಳೆದು ಅದರ ಮೇಲೆ ಮುಚ್ಚಿಕೊಂಡಳು. ಕಣ್ಣಲ್ಲಿ ನೀರು ನಿಂತಿತ್ತು. “ಸರ್‌ಗೆ ಹೇಳಬ್ಯಾಡ್ರಿ. ಆಯ್ಕೆಗೆ ಒಯ್ಯೂದಿಲ್ಲ ಅವರು.”

ನಾನು ಸರ್‌ಗೆ ಹೇಳಲಿಲ್ಲ. ನೇರ ಚರ್ಮದ ಡಾಕ್ಟರ ಹತ್ತಿರ ಹೋದೆ. ಪರಿಚಯದ ಹೆಣ್ಣುಮಗಳು, ಮಾತು ಖಡಕ್ಕು, ಮನಸ್ಸು ಮೆತ್ತಗೆ. “ಒಬ್ಬಾಕೀನ ನೋಡಿ ಏನ ಮಾಡೂದ್ರಿ, ಎಲ್ಲಾರನೂ ನೋಡಬೇಕು” ಎಂದು ಭಾನುವಾರ ತಾನೇ ಶೆಡ್ಡಿಗೆ ಬಂದಳು. ಹುಡುಗಿಯರನ್ನು ಸಾಲಾಗಿ ಕೂರಿಸಿ, ತೋಳು ತಿರುವಿ, ತಲೆಯಲ್ಲಿ ಬ್ಯಾಟರಿ ಬಿಟ್ಟು ನೋಡುತ್ತ ಹೋದಳು. ರೇಣುಕಾಳದಲ್ಲದೆ ಇನ್ನೂ ಕೆಲವರ ತಲೆಯಲ್ಲಿ ಹೊಟ್ಟು, ಬೋಳು ಕಲೆ. ಅತ್ತೆ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು. ಎಣ್ಣೆಬಟ್ಟಲು ಪಕ್ಕದಲ್ಲೇ ಇತ್ತು. ಡಾಕ್ಟರು ಹೋದ ಮೇಲೆ ಹೆರಳು ಹಾಕಬೇಕಲ್ಲ.

“ರೊಟ್ಟಿಗೆ ಬೂಷ್ಟು ಹಿಡೀತೈತಲ್ಲ, ಅದರ ಜಾತೀದ ಇದು,” ಎಂದಳು ಡಾಕ್ಟರು. “ಬೆವರು, ಮ್ಯಾಟು, ಒಬ್ಬರ ಟವೆಲ್ಲು ಇನ್ನೊಬ್ಬರು. ಮೈಯಾಗ ಹಂಗ ಬರತೈತಿ. ತಲ್ಯಾಗ ಇಷ್ಟ ಮಂದಿಗೆ ಹೆಂಗ ಬಂತು? ಹಣಗಿ ಎಲ್ಲಾರವೂ ಬ್ಯಾರೆ ಬ್ಯಾರೆ ಅದಾವೇನು?”

“ಬ್ಯಾರೆ ಬ್ಯಾರೆ ಅದಾವ್ರಿ!” ಎಲ್ಲರೂ ಒಂದೇ ಧ್ವನಿಯಲ್ಲಿ ಅಂದರು. ಪ್ರಾರ್ಥನೆಯನ್ನೂ ಅಷ್ಟು ಒಟ್ಟಿಗೆ ಹೇಳಿದವರಲ್ಲ. ನಾನು ಇವರ ಮುಖ ನೋಡಿದೆ, ಇವರು ತಗಡು ನೋಡಿದರು.

“ಹೌದಾ? ಮತ್ತ ಎಲ್ಲಾ ಹೆರಳೂ ಒಂದ ಕೈಯಾಗಿನವು ಕಂಡಂಗ ಕಾಣ್ತಾವಲ್ಲ?”

ಹುಡುಗಿಯರು ತಮ್ಮ ಕಾಲಬೆರಳು ನೋಡಿಕೊಳ್ಳುತ್ತಿದ್ದರು. ಒಬ್ಬಳಾದರೂ ಮೆಟ್ಟಿಲ ಕಡೆ ತಿರುಗಲಿ! ತಿರುಗಲಿಲ್ಲ. ಆದರೆ ಅತ್ತೆ ದಡ್ಡರಲ್ಲ. ಯಾರೂ ತಮ್ಮ ಕಡೆ ನೋಡದಿರುವುದೇ ಅವರಿಗೆ ಸಾಕಾಯಿತು. ಮೊಣಕಾಲ ಮೇಲೆ ಕೈಯೂರಿ ಎದ್ದು ಬಂದು ಕಟ್ಟಿಗೆಯ ಹಣಿಗೆಯನ್ನು ಡಾಕ್ಟರ ಮುಂದೆ ಹಿಡಿದರು.

“ಇದ ನೋಡ್ರಿ ಹಣಗಿ. ಎಲ್ಲಾರಿಗೂ ಇದ. ಹುಡುಗ್ಯಾರು ನನ್ನ ಸಲುವಾಗಿ ಸುಳ್ಳು ಹೇಳಾಕತ್ತಾರ.”

ಡಾಕ್ಟರು ಹಣಿಗೆಯ ಹಲ್ಲುಗಳ ಮೇಲೆ ಬ್ಯಾಟರಿ ಬಿಟ್ಟು ನೋಡಿದಳು. ಆಮೇಲೆ ರೇಣುಕಾಳ ಕಡೆ ತಿರುಗಿ, “ನಿಮ್ಮ ಮನ್ಯಾಗ ಕುರಿ ಅದಾವಂತಲ್ಲ? ಮರಿ ಎತ್ಕೊಂಡು ಆಡಸ್ತೀಯೇನು?” ಎಂದಳು.

“ಹೂಂನ್ರಿ.”

“ಅಲ್ಲಿಂದನೂ ಬಂದಿರಬಹುದು. ದನ, ಕುರಿ, ಬೆಕ್ಕು, ಎಲ್ಲಾದ್ರಿಂದಲೂ ಬರತೈತಿ ಇದು.”

ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕ ಹಾಗೆ ನಾನು ಅದನ್ನೇ ಹಿಡಿದುಕೊಂಡೆ. “ಕೇಳಿದ್ರಿಲ್ಲ ಅತ್ತೀ? ಕುರೀದಂತ ಅದು! ಕುರಿಯಿಂದ ಬಂದೈತಿ!”

ಅತ್ತೆ ನನ್ನನ್ನು ನೋಡಿದರು. “ಕುರಿ ಒಂದ ತಲಿಗಿ ಹಚ್ಚೇತಿ. ಉಳಿದ ತಲಿಗೆಲ್ಲಾ ಹಚ್ಚಿದಾಕಿ ನಾನ.” ಹಣಿಗೆಯನ್ನು ಡಾಕ್ಟರ ಕೈಯಲ್ಲಿಟ್ಟು ಒಳಗೆ ಹೋದರು.

ಅಂದಿನಿಂದ ನಮ್ಮ ಮನೆಯಲ್ಲಿ ಹೊಸ ರಾಜ್ಯ ಶುರುವಾಯಿತು. ಡಾಕ್ಟರು ಹೇಳಿದ್ದನ್ನು ಇವರು ಅರ್ಧ ಕೇಳಿದ್ದರು, ನಾನು ದೀಡು, ಅಂದರೆ ಒಂದೂವರೆ ಪಟ್ಟು ಕೇಳಿದ್ದೆ. ಗುಣವಾಗುವ ತನಕ ಗಜಕರ್ಣವಿದ್ದವರು ಮ್ಯಾಟು ಹತ್ತುವ ಹಾಗಿಲ್ಲ. ತಲೆಯಲ್ಲಿ ಆದವರಿಗೆ ಬರೀ ಮುಲಾಮು ಸಾಲದು, ವಾರಗಟ್ಟಲೆ ಗುಳಿಗೆ ನುಂಗಬೇಕು. ಎರಡು ದಿನಕ್ಕೆ ಕೆಂಪು ಇಳಿಸುವ ಆ ಟ್ಯೂಬು ರೋಗವನ್ನು ಮುಚ್ಚಿಟ್ಟು ಬೆಳೆಸುತ್ತದೆ, ಅದನ್ನು ಮುಟ್ಟಬಾರದು. ಕುಸ್ತಿ ಮುಗಿದ ಕೂಡಲೇ ಜಳಕ, ಅವರವರ ಟವೆಲ್ಲು, ಬಟ್ಟೆ ಬಿಸಿಲಿಗೆ. ಮ್ಯಾಟನ್ನು ದಿನಾ ಔಷಧಿ ನೀರಿನಿಂದ ಒರೆಸಬೇಕು. ಒರೆಸುವ ಕೋಲನ್ನು ನಾನು ಇವರ ಕೈಗೇ ಕೊಟ್ಟೆ.

“ನಮ್ಮಪ್ಪ ಕೈಗೆ ಗದೆ ಕೊಟ್ಟಿದ್ದ. ನೀ ಇದನ್ನ ಕೊಟ್ಟಿ,” ಎಂದು ಇವರು ಗೊಣಗಿದರು.

“ಗದಾ ಬೀಸಿದಂಗ ಬೀಸಬ್ಯಾಡ್ರಿ, ಮೂಲಿ ಮೂಲಿ ಒರಸ್ರಿ.”

ನಾನು ಬಾಗಿಲಲ್ಲಿ ನಿಂತು ಉಗುರು ನೋಡುವುದೇನು, ಟವೆಲ್ಲು ಮೂಸುವುದೇನು! ಮನೆಗೆ ಬಂದ ಬೀಗರು ಕೈ ತೊಳೆದು ಹತ್ತಿರದ ಟವೆಲ್ಲಿಗೆ ಕೈ ಹಾಕಿದರೆ ಅಡುಗೆ ಮನೆಯಿಂದ ಓಡಿ ಬರುತ್ತಿದ್ದೆ. ನಾನು ಹಣಿಗೆ ಕೊಡಲಾರದವಳಾದದ್ದು ಆ ದಿನಗಳಲ್ಲಿಯೇ. ಗಜಕರ್ಣ ಮಾತ್ರ ಮೆಲ್ಲಗೆ ಜಾಗ ಬಿಡತೊಡಗಿತು. ಆಯ್ಕೆಗೆ ಹೋದವರು ಇಬ್ಬರೇ. ಉಳಿದವರು ಮನೆಯಲ್ಲಿ ಅತ್ತರು.

ಎಲ್ಲಾ ಸರಿಹೋಗುತ್ತಿತ್ತು, ಅತ್ತೆಯೊಬ್ಬರನ್ನು ಬಿಟ್ಟು. ಹುಡುಗಿಯರು ಬರುವ ಹೊತ್ತಿಗೆ ಅವರು ಒಳಕೋಣೆಯಲ್ಲಿ ಮೆಂತ್ಯಪಲ್ಲೆ ಸೋಸುತ್ತ ಕೂರುತ್ತಿದ್ದರು. ಪಲ್ಲೆ ಇಲ್ಲದ ದಿನ ಸೋಸಿದ ಜೋಳವನ್ನೇ ಮತ್ತೆ ಸೋಸುವುದು. ನಾನು ಪೇಟೆಯಿಂದ ಬೇರೆ ಬೇರೆ ಬಣ್ಣದ ಹಣಿಗೆ ತಂದು ಹುಡುಗಿಯರಿಗೆಲ್ಲ ಹಂಚಿದೆ. “ಆಯಿ, ಇದು ನನ್ನ ಸ್ವಂತದ್ದ ಹಣಗಿರಿ, ಹಾಕ್ರಿ” ಎಂದು ಒಬ್ಬೊಬ್ಬಳೇ ಕಿಟಕಿಯಲ್ಲಿ ಬಂದು ನಿಂತಳು. “ನನ್ನ ಕೈ ಚಲೋ ಇಲ್ಲವ್ವ, ಹೋಗ್ರಿ” ಎಂದು ಅತ್ತೆ ತಲೆ ಎತ್ತಲಿಲ್ಲ. ಡಾಕ್ಟರಿಗೆ ಫೋನು ಹಚ್ಚಿ ಕೊಟ್ಟೆ. “ಆಯಿ, ನಿಮ್ಮ ಕೈಯಾಗ ಏನೂ ಇಲ್ಲ, ಹಣಗ್ಯಾಗ ಇತ್ತು” ಎಂದು ಆಕೆ ಕೂಗಿ ಹೇಳಿದಳು. ಅತ್ತೆ ಫೋನನ್ನು ತಿರುಗಿ ನನ್ನ ಕೈಗಿಟ್ಟು, “ಹಣಗಿ ತಾನ ನಡಕೋತ ಹೋಗಿತ್ತೇನು?” ಎಂದರು. ಮತ್ತೆ ಗೋಡೆಯ ಕಡೆ ಮುಖ, ಮತ್ತೆ ಅರ್ಧ ರೊಟ್ಟಿ. ನನಗೆ ಅವರ ಮೇಲೆ ಸಿಟ್ಟೂ ಬರುತ್ತಿತ್ತು, ಹಿಂದೆಯೇ ಅಳುವೂ ಬರುತ್ತಿತ್ತು. ಹೊಸತಾಗಿ ಬಂದಾಗ ಹೇಗಿದ್ದರೋ ಹಾಗೇ ಆಗಿಬಿಡುತ್ತಾರೇನೋ ಎಂದು ಹೆದರಿದ್ದೆ.

ಹೆರಳು ಹಾಕುವ ಕೆಲಸ ಇವರ ಪಾಲಿಗೆ ಬಂತು. ಎಂಥೆಂಥ ಪೈಲ್ವಾನರನ್ನು ಎತ್ತಿ ಒಗೆದ ಕೈ ಮೂರು ಎಳೆ ಕೂದಲಿಗೆ ಸೋತಿತು. ಇವರು ಹೆಣೆದದ್ದು ಎತ್ತಿಗೆ ಹಾಕುವ ಹಗ್ಗದ ಹಾಗೆ ಒಂದು ಕಿವಿಯ ಮೇಲೆ ಬಂದು ನಿಲ್ಲುತ್ತಿತ್ತು. ಹುಡುಗಿಯರು ಮುಸಿಮುಸಿ ನಕ್ಕರೆ, “ಗಪ್ಪ ಕುಂದರ್ರಿ, ಹಿಡತ ತಪ್ಪತೈತಿ” ಎಂದು ಗದರುವರು. ಒಳಕೋಣೆಯ ಕಿಟಕಿಯಲ್ಲಿ ಒಮ್ಮೊಮ್ಮೆ ಅತ್ತೆಯ ಸೆರಗು ಕಾಣಿಸಿ ಮರೆಯಾಗುತ್ತಿತ್ತು.

ಇತ್ತ ರೇಣುಕಾ ಸಾಲೆಗೆ ಬರುವುದನ್ನೇ ಬಿಟ್ಟಳು. ಯಾರನ್ನೋ ಕಳಿಸಿ ಕೇಳಿಸಿದರೆ ಜ್ವರ ಅಂದರು. ಒಂದು ದಿನ ಸಾಲೆ ಬಿಟ್ಟ ಮೇಲೆ ನಾನೇ ಅವರ ಮನೆಗೆ ಹೋದೆ. ನಿಂಗಪ್ಪ ಅಂಗಳದಲ್ಲಿ ಮರಿಗಳಿಗೆ ಸೊಪ್ಪು ಹಾಕುತ್ತಿದ್ದ. ರೇಣುಕಾ ಬಾಗಿಲ ಮರೆಯಲ್ಲಿ ತಲೆ ತುಂಬ ವೇಲು ಸುತ್ತಿಕೊಂಡು ನಿಂತಿದ್ದಳು. ವೇಲಿನ ಹಿಂದೆ ಹೆರಳು ಇಳಿದಿರಲಿಲ್ಲ.

“ಇದೇನು ಮಾಡಿದ್ಯೋ ನಿಂಗಪ್ಪ?”

“ಕುರಿಗಿ ಹುಳ ಬಿದ್ರ ಮೈಮ್ಯಾಲಿನ ಉಣ್ಣೆ ಕತ್ತರಸ್ತೀವ್ರಿ ಅಕ್ಕೋರ. ಉಣ್ಣೆ ಹೋದ್ರ ಹುಳಾನೂ ಹೋತು. ಇಕೀದೂ ಹಂಗ ಕತ್ತರಿಸಿಬಿಟ್ಟೆ.” ಅವನ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ಗೊತ್ತಿದ್ದ ವಿದ್ಯೆಯನ್ನು ಮಗಳಿಗೂ ಮಾಡಿದ್ದ, ಅಷ್ಟೇ.

“ಗುಳಿಗಿ?”

“ಕೂದಲಾನ ಇಲ್ಲಂದ ಮ್ಯಾಲ ಗುಳಿಗಿ ಯಾಕ್ರಿ? ನಿಲ್ಲಿಸೇವಿ. ಕುಸ್ತೀನೂ ಸಾಕ್ರಿ. ಹೆಣ್ಮಗಳ ತಲಿ ಹೋತು. ನಾಳೆ ಯಾರು ಲಗ್ನ ಆಗ್ತಾರ?”

ನಾನು ಕಟ್ಟೆಯ ಮೇಲೆ ಕೂತೆ. ಬೂಷ್ಟಿನ ಬೇರು ಚರ್ಮದ ಒಳಗೆ ಕೂದಲಿನ ಬುಡದಲ್ಲಿದೆ, ಕತ್ತರಿ ಅಲ್ಲಿಗೆ ಹೋಗುವುದಿಲ್ಲ, ಗುಳಿಗೆ ಹೋಗುತ್ತದೆ ಎಂದು ವರ್ಗದಲ್ಲಿ ಹೇಳುವ ಹಾಗೆ ಹೇಳಿದೆ. ಕೂದಲು ಕತ್ತರಿಸುವ ಅಗತ್ಯವೇ ಇರಲಿಲ್ಲ ಅಂತಲೂ ಹೇಳಿದೆ. ಅವನು ಪ್ರತಿ ಮಾತಿಗೂ ಒಂದು ಕುರಿಯ ಉದಾಹರಣೆ ಕೊಟ್ಟ. ಕಡೆಗೆ ನನ್ನ ತಾಳ್ಮೆ ಮುಗಿಯುತ್ತ ಬಂತು. “ಕುರಿಗಿ ಯಾರೂ ಹೆರಳು ಹಾಕೂದಿಲ್ಲೋ ನಿಂಗಪ್ಪ. ಇಕಿಗಿ ಹಾಕಾಕ ಒಬ್ಬಾಕಿ ಮುದುಕಿ ಕುಂತಾಳ. ಗುಳಿಗಿ ಕೊಡು, ಕೂದಲ ಬರತಾವ.” ಅವನಿಗೆ ನಗು ಬಂತು. “ಗುಳಿಗಿ ಕೊಡ್ತೀನ್ರಿ. ಕುಸ್ತಿ ಮಾತು ಆಮ್ಯಾಲ ನೋಡೂಣು” ಎಂದ.

ನಾನು ಏಳುವಾಗ ರೇಣುಕಾ ಮೆಲ್ಲಗೆ ಕೇಳಿದಳು. “ಆಯಿ ಬೈದ್ರೇನ್ರಿ ನನಗ?”

“ಬೈಯಾಕ ಆಕಿ ಮಾತ ಆಡೂದಿಲ್ಲವಾ. ಯಾರ ತಲೀನೂ ಮುಟ್ಟೂದಿಲ್ಲ ಈಗ.”

“ನನ್ನ ಸಲುವಾಗೇನ್ರಿ?”

ಮಕ್ಕಳ ಮುಂದೆ ಸುಳ್ಳು ಲೆಕ್ಕ ಮಾಡಿ ಅಭ್ಯಾಸವಿಲ್ಲ. “ಹೂಂ” ಅಂದುಬಿಟ್ಟೆ. ಬಸ್ಸಿನಲ್ಲಿ ಬರುತ್ತ ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

ಗುಳಿಗೆ ಹೇಳಿದಷ್ಟು ದಿನವೂ ತಪ್ಪಲಿಲ್ಲ. ಡಾಕ್ಟರು ಮತ್ತೆ ನೋಡಿ, “ಆರಾಮ ಆಗೇತಿ, ಇನ್ನ ಯಾರ ಜೋಡಿ ಬೇಕಾದ್ರೂ ಕುಸ್ತಿ ಹಿಡಿ” ಎಂದಳು. ರೇಣುಕಾ ಸಾಲೆಗೂ ಬಂದಳು, ವೇಲಿನೊಳಗೇ. ಕುಸ್ತಿಯ ಮಾತನ್ನು ಮಾತ್ರ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇವರು ಸಂಜೆಯಾದರೆ ತಿಕೋಟಾ ಬಸ್ಸು ನಿಲ್ಲುವ ಕಡೆ ಒಮ್ಮೆ ಹೋಗಿ ಬರುವರು. ಕೇಳಿದರೆ ಎಲೆ ಅಡಿಕೆ ತರಲು ಹೋಗಿದ್ದೆ ಅನ್ನುವರು. ಎಲೆ ಅಡಿಕೆ ತಿನ್ನದ ಮನುಷ್ಯ!

ಒಂದು ಶನಿವಾರ ಸಂಜೆ ಗೇಟಿನ ಸದ್ದಾಯಿತು. ನೋಡಿದರೆ ನಿಂಗಪ್ಪ, ಹಿಂದೆ ರೇಣುಕಾ. “ಮೂರು ದಿನಾ ಆತ್ರಿ ಉಂಡಿಲ್ಲ, ಮನ್ಯಾಗ ಟಗರನ್ನ ಕೆಡವಿ ಕೆಡವಿ ಅದರ ಕಾಲು ಮುರದಾಳ. ಇಲ್ಲೇ ಕುಸ್ತಿ ಆಡ್ಲಿ, ಟಗರಾದ್ರೂ ಉಳೀತೈತಿ” ಎಂದು ಚಪ್ಪಲಿ ಬಿಟ್ಟು ಹೊರಗೇ ನಿಂತ. ಮೆಟ್ಟಿಲ ಮೇಲೆ ಇವರು ಹುಡುಗಿಯರ ತಲೆಗೆ ತಮ್ಮ ಹಗ್ಗ ಹೊಸೆದು ಮುಗಿಸಿ ಶೆಡ್ಡಿಗೆ ಹೋಗಿದ್ದರು. ರೇಣುಕಾ ಶೆಡ್ಡಿನ ಕಡೆ ಹೋಗಲಿಲ್ಲ. ನನ್ನನ್ನು ದಾಟಿ ಒಳಕೋಣೆಗೆ ಹೋದಳು. ಅತ್ತೆ ಮೊರ ಮುಂದಿಟ್ಟುಕೊಂಡು ಕೂತಿದ್ದರು. ಅವಳು ವೇಲು ತೆಗೆದಳು. ಬೋಳಾಗಿದ್ದ ಕಲೆಯ ಮೇಲೂ ಸೇರಿ ತಲೆ ತುಂಬ ಕೂದಲು ಬಂದಿತ್ತು. ಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ಕಪ್ಪಗೆ, ಒತ್ತಾಗಿ. ಅತ್ತೆಗೆ ಬೆನ್ನು ಕೊಟ್ಟು ಅವರ ಮೊಣಕಾಲ ನಡುವೆ ಕೂತು, ನಾನು ಕೊಟ್ಟಿದ್ದ ಹಸಿರು ಹಣಿಗೆಯನ್ನು ಭುಜದ ಮೇಲಿಂದ ಹಿಂದಕ್ಕೆ ಹಿಡಿದಳು.

“ಹೆರಳು ಹಾಕ್ರಿ ಆಯಿ.”

ಅತ್ತೆ ಆ ತಲೆಯನ್ನು ನೋಡಿದರು. ನಾನು ಬಾಗಿಲಲ್ಲಿ ನಿಂತಿದ್ದೆ.

“ಎಲ್ಲಿ ಹಾಕಲಿ ನನ ಮಗಳ? ಹಿಡ್ಯಾಕ ಕೂದಲ ಇಲ್ಲಲ್ಲ.”

“ಇದ್ದಷ್ಟಕ್ಕ ಹಾಕ್ರಿ. ಉಳಿದದ್ದು ಬಂದಂಗ ಬಂದಂಗ ಹಾಕೀರಂತ.”

ಅತ್ತೆ ಮೊರವನ್ನು ಪಕ್ಕಕ್ಕೆ ಸರಿಸಿ, ಕೈಯನ್ನು ಸೆರಗಿಗೆ ಒರೆಸಿಕೊಂಡು, ಹಣಿಗೆ ತಗೊಂಡರು. ಹಣೆಯಿಂದ ನೆತ್ತಿಗೆ, ನೆತ್ತಿಯಿಂದ ಕುತ್ತಿಗೆಗೆ, ಎರಡು ಬೆರಳಿಗೂ ಸಿಗದ ಆ ಕೂದಲನ್ನು ಬಾಚತೊಡಗಿದರು. ಕಣ್ಣೀರು ಅದರ ಮೇಲೇ ಬೀಳುತ್ತಿತ್ತು. ಹುಡುಗಿಯರು ಹೊರಗೆ ಕಿಟಕಿಗೆ ಮುಖವೊತ್ತಿ ನೋಡುತ್ತಿದ್ದರು. ಒಬ್ಬಳು ಒಳಗೆ ಬಂದು ತನ್ನ ಹಗ್ಗದ ಹೆರಳನ್ನು ಬಿಚ್ಚಿ, ತನ್ನ ಹಣಿಗೆ ಹಿಡಿದು ರೇಣುಕಾಳ ಮುಂದೆ ಕೂತಳು. ಅವಳ ಮುಂದೆ ಇನ್ನೊಬ್ಬಳು. ಒಳಕೋಣೆ ತುಂಬಿ, ಸಾಲು ನನ್ನನ್ನೂ ದಾಟಿ ಪಡಸಾಲೆಗೆ ಬಂತು.

ಅಷ್ಟರಲ್ಲಿ ಶೆಡ್ಡಿನಲ್ಲಿ ಇವರ ಸೀಟಿ ಕೇಳಿಸಿತು. ಯಾರೂ ಏಳಲಿಲ್ಲ. ಮತ್ತೊಮ್ಮೆ, ಜೋರಾಗಿ. ಅತ್ತೆ ಮೂಗು ಒರೆಸಿಕೊಂಡು, ತಲೆ ಎತ್ತದೆಯೇ, ಮೂರು ಮನೆಗೆ ಕೇಳುವ ಹಾಗೆ ಕೂಗಿದರು:

“ಸೀಟಿ ಊದಬ್ಯಾಡೋ ಏ ಪೈಲ್ವಾನ! ಇನ್ನೂ ಹೆರಳು ಆಗಿಲ್ಲ.”